62 ಡೊಮೇನ್ ಹೆಸರು, 11 ತಿಂಗಳು, ಒಂದೂ ಮಾರಿಲ್ಲ. ರಿನ್ಯೂ ಮಾಡಲೋ, ಕೈಬಿಡಲೋ?

ಖಾಲಿಜೇಬು:
ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ಕಳೆದ ವರ್ಷ ಡೊಮೇನ್ ಹುಚ್ಚು ಹಿಡಿಯಿತು, ಅಂದರೆ ವೆಬ್‌ಸೈಟ್ ವಿಳಾಸದ ಹೆಸರು ಕೊಂಡು ಲಾಭಕ್ಕೆ ಮಾರುವ ಹುಚ್ಚು. ಅದರಲ್ಲೂ ಬ್ರ್ಯಾಂಡ್ ಆಗುವಂಥ ಹೆಸರುಗಳ ಹುಚ್ಚು. ಅರ್ಥ ಇರದಿದ್ದರೂ ಕಿವಿಗೆ ಚೆನ್ನಾಗಿರಬೇಕು, ಅಂಥವು. ರಾತ್ರಿ ಹನ್ನೊಂದಕ್ಕೆ ಕೂತರೆ ಎರಡರವರೆಗೂ ಅದೇ ಕೆಲಸ. ಅಕ್ಷರ ಕೂಡಿಸುವುದು, ಖಾಲಿ ಇದೆಯಾ ನೋಡುವುದು, ಇದ್ದರೆ ಬೇರೆಯವರು ಹಿಡಿದುಬಿಡುತ್ತಾರೆ ಅನ್ನುವ ಭಯಕ್ಕೆ ತಕ್ಷಣ ದುಡ್ಡು ಕಟ್ಟುವುದು. ಮೂರೇ ತಿಂಗಳಲ್ಲಿ 62 ಡಾಟ್ ಕಾಮ್ ಆದವು.

ಹೆಸರುಗಳನ್ನು ಪರಿಶೀಲಿಸಿ, ಒಪ್ಪಿದ್ದನ್ನು ಮಾತ್ರ ಮಾರಾಟಕ್ಕೆ ಇಡುವ ಒಂದು ಮಾರ್ಕೆಟ್‌ಪ್ಲೇಸ್‌ಗೆ ಎಲ್ಲವನ್ನೂ ಕಳಿಸಿದೆ. 17 ಒಪ್ಪಿದರು, 45 ವಾಪಸ್ ಬಂದವು. ಒಪ್ಪಿದವಕ್ಕೆ ಲೋಗೋ ಬಂತು. ಬೆಲೆ 1,900 ಡಾಲರ್‌ನಿಂದ 3,400 ಡಾಲರ್‌ವರೆಗೆ. ಅದನ್ನು ನೋಡಿ ನಾನು ಮನಸ್ಸಿನಲ್ಲೇ ಶ್ರೀಮಂತನಾದೆ.

ಈಗ 11 ತಿಂಗಳು. ಸೇಲ್ ಸೊನ್ನೆ. ಬಂದದ್ದು ಒಂದೇ ಆಫರ್. 50 ಡಾಲರ್‌ಗೆ ಕೊಡುತ್ತೀರಾ ಅಂತ ಕೇಳಿದ್ದರು. ಬರುವ ತಿಂಗಳಿಂದ ರಿನ್ಯೂವಲ್ ಶುರು. ಒಂದಕ್ಕೆ 11 ಡಾಲರ್, 62ಕ್ಕೆ 682. ಕಟ್ಟಲೋ ಬೇಡವೋ? ಮಾದರಿಗೆ ಐದು ಹೆಸರು ಹಾಕುತ್ತೇನೆ, ಬೈಯುವುದಿದ್ದರೆ ಬೈಯಿರಿ: ಝೊರಿಕ್ವಾ, ನೆರಿವೊ, ಫಿಟ್ರಿಕ್ಸ್‌ಲಿ, ಮೊಸ್‌ಲ್ಯಾಂಟರ್ನ್, ಕ್ವಿಝೊಯ್.

ಡಾಟ್‌ಕಾಮಣ್ಣ:
ನೀವೇ ಹೇಳಿದ್ದೀರಿ, ಬೈಯುತ್ತೇನೆ. ಮೂರು ತಿಂಗಳಲ್ಲಿ 62 ಹೆಸರು ಕೊಂಡವರು ವ್ಯಾಪಾರಕ್ಕೆ ಕೊಂಡಿಲ್ಲ, ಚಟಕ್ಕೆ ಕೊಂಡಿದ್ದೀರಿ. ಒಂದೊಂದು ಹೆಸರಿನ ಮುಂದೆಯೂ ಇದನ್ನು ಕೊಳ್ಳುವವನು ಯಾರು ಅಂತ ಒಂದು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಕೈಬಿಡಿ.

ಸುಮ್ನೆಓದುಗ:
ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಇದಕ್ಕೇ ಇರಬೇಕು 😄

ಮೂರಕ್ಷರ:
ಬೈಯುವುದು ಸುಲಭ ಅಣ್ಣ. ನಾವೆಲ್ಲ ಅಲ್ಲಿಂದಲೇ ಬಂದವರು. ನನ್ನ ಮೊದಲ ವರ್ಷ 140 ಹೆಸರಿದ್ದವು. ಈಗ ಅದರಲ್ಲಿ ಉಳಿದಿರುವುದು ಮೂರು.

ಖಾಲಿಜೇಬು ಅವರೇ, ಒಂದು ಪರೀಕ್ಷೆ ಮಾಡಿ ನೋಡಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಯಾರಿಗಾದರೂ ಫೋನ್ ಮಾಡಿ. ಹೆಸರನ್ನು ಒಂದೇ ಸಲ ಹೇಳಿ, ಸ್ಪೆಲಿಂಗ್ ಹೇಳಬೇಡಿ. ಅವರು ಏನು ಬರೆದುಕೊಂಡರು ಅಂತ ಆಮೇಲೆ ಕೇಳಿ. ಕಂಪನಿ ನಡೆಸುವವನು ದಿನಕ್ಕೆ ಹತ್ತು ಸಲ ಫೋನಿನಲ್ಲಿ ತನ್ನ ಇಮೇಲ್ ವಿಳಾಸ ಹೇಳಬೇಕು. ಪ್ರತಿ ಸಲವೂ ಕ್ಯೂ ಅಂದರೆ ಕಿಂಗ್ ಅಲ್ಲ ಕ್ವೀನ್, ಆಮೇಲೆ ಎಸ್ ಅಲ್ಲ ಝೆಡ್ ಅಂತ ಹೇಳುತ್ತಾ ಕೂರುವುದಕ್ಕೆ ಯಾರೂ 2,000 ಡಾಲರ್ ಕೊಡುವುದಿಲ್ಲ.

ಖಾಲಿಜೇಬು:
ಈಗಷ್ಟೇ ತಂಗಿಗೆ ಫೋನ್ ಮಾಡಿ ಐದೂ ಹೇಳಿದೆ. ಅವಳು ಬರೆದುಕೊಂಡ ಚೀಟಿಯ ಫೋಟೋ ಕಳಿಸಿದಳು.

ಕ್ವಿಝೊಯ್‌ಗೆ ಮೂರು ಸ್ಪೆಲಿಂಗ್ ಬರೆದು ಮೂರನ್ನೂ ಹೊಡೆದು ಹಾಕಿದ್ದಾಳೆ. ಝೊರಿಕ್ವಾ ಕೆ ಮತ್ತು ಡಬ್ಲ್ಯೂ ಹಾಕಿಕೊಂಡು ಬಂದಿದೆ, ನನ್ನದರಲ್ಲಿ ಇರುವುದು ಕ್ಯೂ. ಫಿಟ್ರಿಕ್ಸ್‌ಲಿ ಮುಂದೆ "ಇದು ಮಾತ್ರೆಯಾ?" ಅಂತ ಬರೆದಿದ್ದಾಳೆ. ನೆರಿವೊ ಮತ್ತು ಮೊಸ್‌ಲ್ಯಾಂಟರ್ನ್ ಎರಡೂ ಸರಿ ಇವೆ.

ಮೂರಕ್ಷರ:
ಆ ಮಾತ್ರೆ ಮಾತು ತಮಾಷೆಯಲ್ಲ. ಕಿವಿಗೆ ಔಷಧಿ ಹಾಗೆ ಕೇಳಿಸುವ ಹೆಸರನ್ನು ಸಾಫ್ಟ್‌ವೇರ್‌ನವರು ಮುಟ್ಟುವುದಿಲ್ಲ. ಔಷಧಿ ಕಂಪನಿಗಳಿಗೆ ಹೆಸರು ಹುಡುಕುವ, ಪಾಸು ಮಾಡಿಸುವ ದಾರಿಯೇ ಬೇರೆ. ಅವರು ನಿಮ್ಮ ಹತ್ತಿರ ಬರುವುದಿಲ್ಲ.

ಲೆಕ್ಕದಪುಸ್ತಕ:
ಎಲ್ಲರೂ ಹೆಸರು ನೋಡುತ್ತಿದ್ದೀರಿ, ನಾನು ಲೆಕ್ಕ ನೋಡುತ್ತೇನೆ.

ವರ್ಷಕ್ಕೆ ನೂರು ಹೆಸರಲ್ಲಿ ಒಂದೋ ಎರಡೋ ಮಾರಿದರೆ ಮಾಮೂಲಿ ಅಂತ ಈ ಕಸುಬಿನ ಹಳಬರು ಹೇಳುತ್ತಾರೆ. ಒಂದು ಅಂತಲೇ ಇಟ್ಟುಕೊಳ್ಳಿ. ನಿಮ್ಮದು ಅಲ್ಲಿ ಮಾರಾಟಕ್ಕೆ ಇರುವುದು 17. ಅಂದರೆ ಸರಾಸರಿ ಆರು ವರ್ಷಕ್ಕೆ ಒಂದು ಸೇಲ್. 2,500 ಡಾಲರ್‌ಗೆ ಹೋಯಿತು ಅನ್ನಿ. ಇಂಥ ಆಯ್ದ ಹೆಸರಿನ ಮಾರ್ಕೆಟ್‌ಪ್ಲೇಸ್‌ಗಳ ಕಮಿಷನ್ ಸುಮಾರಾಗಿ ನೂರಕ್ಕೆ 30. ಕೈಗೆ ಬರುವುದು 1,750.

17ನ್ನು ಮಾತ್ರ ಆರು ವರ್ಷ ಸಾಕಿದರೆ ಖರ್ಚು 1,122. ಉಳಿಯುವುದು 628. 62ನ್ನೂ ಸಾಕಿದರೆ ಖರ್ಚು 4,092. ಕೈಯಿಂದ ಹೋಗುವುದು 2,342. ಉಳಿದ 45ರಲ್ಲಿ ಯಾವುದಾದರೂ ಮಾರಿದರೆ ಲೆಕ್ಕ ಬದಲಾಗುತ್ತದೆ. 11 ತಿಂಗಳಲ್ಲಿ ಅವನ್ನು ಯಾರಾದರೂ ಕೇಳಿದ್ದಾರಾ?

ಖಾಲಿಜೇಬು:
ಇಲ್ಲ. ಒಬ್ಬರೂ ಕೇಳಿಲ್ಲ.

ರಿನ್ಯೂವಲ್‌ಭೂತ:
ಆರು ವರ್ಷವೂ 11 ಡಾಲರ್ ಅಂತ ಹಿಡಿದಿದ್ದೀರಿ, ಅದು ತಪ್ಪು. ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿ, ನಮಗೆ ಹೆಸರು ನೋಂದಾಯಿಸಿಕೊಡುವ ರಿಜಿಸ್ಟ್ರಾರ್‌ಗಳಿಂದ ತೆಗೆದುಕೊಳ್ಳುವ ಸಗಟು ದರ ಬಹಳ ವರ್ಷ 7.85 ಡಾಲರ್‌ನಲ್ಲಿ ನಿಂತಿತ್ತು. 2021ರಿಂದ ಶುರುವಾಯಿತು: 8.39, 8.97, 9.59, 2024ರ ಸೆಪ್ಟೆಂಬರ್‌ನಿಂದ 10.26. ವೆರಿಸೈನ್‌ನ ಒಪ್ಪಂದದಲ್ಲಿ ಆರಾರು ವರ್ಷದ ಅವಧಿ ಇದೆ. ಪ್ರತಿ ಅವಧಿಯ ಕೊನೆಯ ನಾಲ್ಕು ವರ್ಷ ನೂರಕ್ಕೆ 7ರವರೆಗೆ ಏರಿಸಬಹುದು. ಅದರ ಮೇಲೆ ರಿಜಿಸ್ಟ್ರಾರ್ ತನ್ನ ಪಾಲು ಸೇರಿಸುತ್ತಾನೆ. 62 ಹೆಸರಿರುವವರಿಗೆ ಒಂದು ಡಾಲರ್ ಏರಿದರೂ ಗೊತ್ತಾಗುತ್ತದೆ.

ಲೆಕ್ಕದಪುಸ್ತಕ:
ಒಪ್ಪಿದೆ. ಅಂದರೆ ನಾನು ಹೇಳಿದ್ದಕ್ಕಿಂತ ಪರಿಸ್ಥಿತಿ ಇನ್ನೂ ಕೆಟ್ಟದು.

ಅಕ್ಷರಪ್ರಿಯೆ:
ನನಗೆ ಈ ಮಾತುಗಳು ಪೂರ್ತಿ ಒಪ್ಪಿಗೆಯಿಲ್ಲ. ಅರ್ಥ ಇಲ್ಲದ ಹೆಸರು ಅಂತ ಮೂಗು ಮುರಿಯಬೇಡಿ. ಕೊಡಕ್ ಅನ್ನುವುದು ಜಾರ್ಜ್ ಈಸ್ಟ್‌ಮನ್ ಅಕ್ಷರ ಕೂಡಿಸಿ ಮಾಡಿದ ಹೆಸರು, 1888ರಲ್ಲಿ. ಅವರಿಗೆ ಕೆ ಅಕ್ಷರ ಇಷ್ಟ ಅಂತ ಎರಡೂ ಕಡೆ ಕೆ ಇಟ್ಟರು. ಗೂಗಲ್ ಹುಟ್ಟಿದ್ದು ಗೂಗಾಲ್ ಅನ್ನುವ ಸಂಖ್ಯೆಯ ಹೆಸರಿಂದ. ಅದು ಒಂದರ ಮುಂದೆ ನೂರು ಸೊನ್ನೆ. 1997ರಲ್ಲಿ ನೋಂದಾಯಿಸಿದ್ದು ಬೇರೆ ಸ್ಪೆಲಿಂಗ್‌ನಲ್ಲಿ. ಆ ಹೆಸರನ್ನು ಅವತ್ತು ಇಲ್ಲಿ ಹಾಕಿದ್ದರೆ ಡಾಟ್‌ಕಾಮಣ್ಣ ಅವರು ಕೈಬಿಡಿ ಅನ್ನುತ್ತಿದ್ದರು, ಅಲ್ವಾ?

ಡಾಟ್‌ಕಾಮಣ್ಣ:
ಖಂಡಿತ ಅನ್ನುತ್ತಿದ್ದೆ ಮೇಡಂ, ಮತ್ತು ಅದು ಸರಿಯೇ ಆಗಿರುತ್ತಿತ್ತು. ಈಸ್ಟ್‌ಮನ್ ಕೊಡಕ್ ಅನ್ನುವ ಹೆಸರನ್ನು ಸಂತೆಯಲ್ಲಿ ಕೊಂಡು ತರಲಿಲ್ಲ. ತಾನೇ ಕಟ್ಟಿದ, ತಾನೇ ಬಳಸಿದ, ತಾನೇ ಜಾಹೀರಾತಿಗೆ ದುಡ್ಡು ಸುರಿದ. ಹೆಸರು ಕಟ್ಟುವುದು ಎಲ್ಲರಿಗೂ ಬಿಟ್ಟಿ. ಬಿಟ್ಟಿ ಸಿಗುವುದನ್ನು ನಾವು 2,500 ಡಾಲರ್‌ಗೆ ಮಾರಬೇಕು. ಆ ದುಡ್ಡು ಯಾಕೆ ಕೊಡಬೇಕು ಅನ್ನುವುದಕ್ಕೆ ಗಿರಾಕಿಗೆ ಕಾರಣ ಬೇಕು.

ಕಾರಣ ಇರುವ ಗಿರಾಕಿ ಹೇಗಿರುತ್ತಾನೆ ಹೇಳಲಾ? ಫೇಸ್‌ಬುಕ್‌ನವರು ಮೊದಲು ದಿ ಸೇರಿಸಿಕೊಂಡು ದಿ ಫೇಸ್‌ಬುಕ್ ಆಗಿದ್ದರು. 2005ರಲ್ಲಿ ಆ ದಿ ಕಳಚುವುದಕ್ಕೆ ಎರಡು ಲಕ್ಷ ಡಾಲರ್ ಕೊಟ್ಟರು. ಡ್ರಾಪ್‌ಬಾಕ್ಸ್ ಶುರುವಾದದ್ದು ಮುಂದೆ ಗೆಟ್ ಇಟ್ಟುಕೊಂಡು. ಟೆಸ್ಲಾ 2016ರವರೆಗೂ ವಿಳಾಸದ ಕೊನೆಗೆ ಮೋಟರ್ಸ್ ಇಟ್ಟುಕೊಂಡಿತ್ತು. ಅವರಿಗೆ ಆ ಒಂದೇ ಹೆಸರು ಬೇಕಿತ್ತು, ಬೇರೆ ದಾರಿ ಇರಲಿಲ್ಲ. ಝೊರಿಕ್ವಾ ಬೇಕೇ ಬೇಕು ಅನ್ನುವವರು ಭೂಮಿ ಮೇಲೆ ಎಷ್ಟು ಜನ?

ಅಕ್ಷರಪ್ರಿಯೆ:
ನೀವು ಹೇಳುತ್ತಿರುವುದು ಒಂದೇ ಥರದ ಗಿರಾಕಿ. ಇನ್ನೂ ಹೆಸರೇ ಇಟ್ಟಿರದವರು ಕೂಡ ಕೊಳ್ಳುತ್ತಾರೆ. ಆಯ್ದ ಹೆಸರಿನ ಮಾರ್ಕೆಟ್‌ಪ್ಲೇಸ್ ಇರುವುದೇ ಅವರಿಗಾಗಿ. ಬ್ರ್ಯಾಂಡ್‌ಬಕೆಟ್ 2007ರಿಂದ ನಡೆಯುತ್ತಿದೆ. ಸ್ಕ್ವಾಡ್‌ಹೆಲ್ಪ್ 2024ರಲ್ಲಿ ಆಟಮ್ ಅಂತ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಕೊಳ್ಳುವವರೇ ಇಲ್ಲದಿದ್ದರೆ ಇವರೆಲ್ಲ ಅಂಗಡಿ ತೆರೆದುಕೊಂಡು ಏನು ಮಾಡುತ್ತಾರೆ?

ಸುಮ್ನೆಓದುಗ:
ಹೆಸರು ಮಾರುವವರೇ ಹೆಸರು ಬದಲಿಸಿಕೊಂಡರಾ! ಇದು ಚೆನ್ನಾಗಿದೆ.

ಹಳೇಗಿರಾಕಿ:
ನಾನು ಆ ಕಡೆಯವನು, ಅಂದರೆ ಕೊಂಡವನು. ಇಲ್ಲಿರುವ ನೀವೆಲ್ಲ ಮಾರುವವರು, ಹಾಗಾಗಿ ಕೊಳ್ಳುವಾಗ ಏನಾಯಿತು ಅಂತ ಹೇಳಿದರೆ ಉಪಯೋಗ ಆಗಬಹುದು.

ನಾವು ಮೂವರು ಸೇರಿ ಸಣ್ಣ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದೆವು. ಹೆಸರಿಗಾಗಿ ಆರು ವಾರ ಜಗಳ. ಕೊನೆಗೆ ಒಬ್ಬ ಹೇಳಿದ, ದುಡ್ಡು ಕೊಟ್ಟು ಮುಗಿಸೋಣ ಅಂತ. ಮಾರ್ಕೆಟ್‌ಪ್ಲೇಸ್‌ಗೆ ಹೋದೆವು. ಮೊದಲು ಹಾಕಿದ ಸೋಸುವಿಕೆ ಬೆಲೆಯದು, 3,000 ಡಾಲರ್ ಒಳಗೆ. ಎರಡನೆಯದು ಉದ್ದ, ಎಂಟು ಅಕ್ಷರದ ಒಳಗೆ. ಆಮೇಲೆ ಸುಮ್ನೆ ಕೆಳಗೆ ಕೆಳಗೆ ಹೋಗುತ್ತಾ ಹೋದೆವು. ಒಂದು ಹೆಸರಿನ ಮೇಲೆ ಕಣ್ಣು ನಿಂತದ್ದು ಒಂದು ಕ್ಷಣವೂ ಇರಲಿಕ್ಕಿಲ್ಲ. ಓದಲು ನಾಲಗೆ ತಡವರಿಸಿದರೆ ಮುಂದೆ. ಲೋಗೋ ನೋಡಿ ನಿಲ್ಲಿಸಿದ್ದುಂಟು, ಲೋಗೋ ನೋಡಿ ಕೊಂಡದ್ದಿಲ್ಲ. ಅದರ ಕೆಳಗೆ ಬರೆದಿದ್ದ ವಿವರಣೆಯನ್ನು ಮೂವರಲ್ಲಿ ಯಾರೂ ಓದಲಿಲ್ಲ.

ಒಂಬತ್ತು ಹೆಸರು ಉಳಿದವು. ಅವನ್ನು ಗೋಡೆ ಮೇಲೆ ಅಂಟಿಸಿ ಒಂದು ವಾರ ಬಿಟ್ಟೆವು. ವಾರದ ಕೊನೆಗೆ ನೋಡದೆ ನೆನಪಿಂದ ಹೇಳಿ ಅಂದಾಗ ಮೂವರೂ ಹೇಳಿದ್ದು ಎರಡು ಮಾತ್ರ. ಎರಡರಲ್ಲೂ ಒಂದೊಂದು ಗುರುತಿನ ಪದದ ವಾಸನೆ ಇತ್ತು. ಪೂರ್ತಿ ಪದವಲ್ಲ, ಅರ್ಧ. ಒಂದನ್ನು ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಹುಡುಕಿದರೆ ಯಾರೋ ಅದೇ ಕಸುಬಿನವರು ಇಟ್ಟುಕೊಂಡಿದ್ದರು. ಉಳಿದದ್ದನ್ನು ಕೊಂಡೆವು, 2,288 ಡಾಲರ್. ಕಂತಿನಲ್ಲಿ ಕಟ್ಟುವ ಅವಕಾಶ ಇತ್ತು, ಅದನ್ನೇ ಆರಿಸಿದೆವು. ಒಂದೇ ಸಲಕ್ಕೆ ಕಟ್ಟಬೇಕು ಅಂದಿದ್ದರೆ ಬಹುಶಃ ಇನ್ನೊಂದು ವಾರ ಜಗಳ ಆಡಿ 11 ಡಾಲರ್‌ದು ಏನೋ ನೋಂದಾಯಿಸಿಕೊಳ್ಳುತ್ತಿದ್ದೆವು.

ಮೂರಕ್ಷರ:
ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಬೇಕು. ಅರ್ಧ ಪದದ ವಾಸನೆ ಅಂದಿರಲ್ಲ, ನೆರಿವೊದಲ್ಲಿ ಇಲ್ಲದ್ದು ಅದೇ. ಮೊಸ್‌ಲ್ಯಾಂಟರ್ನ್‌ನಲ್ಲಿ ಇದೆ, ಆದರೆ ಅದು ಉದ್ದವಾಯಿತು.

ಡಾಟ್‌ಕಾಮಣ್ಣ:
ಹಳೇಗಿರಾಕಿ, 2,288 ಚೌಕಾಸಿ ಮಾಡಿದ ಮೇಲಿನ ಬೆಲೆಯಾ?

ಹಳೇಗಿರಾಕಿ:
ಇಲ್ಲ. ಅಲ್ಲಿ ಬೆಲೆ ಬರೆದಿತ್ತು, ಕೊಂಡೆವು. ಬೆಲೆ ಬರೆಯದೆ ಆಫರ್ ಕಳಿಸಿ ಅಂತ ಮಾತ್ರ ಹಾಕಿದ್ದ ಹೆಸರುಗಳಿಗೆ ನಾವು ಬರೆಯಲೇ ಇಲ್ಲ. ಎಷ್ಟು ಕೇಳಬೇಕು, ಎಷ್ಟು ಹೇಳಿದರೆ ನಗುತ್ತಾರೆ ಅಂತ ಗೊತ್ತಿಲ್ಲದ ಮುಜುಗರ.

ಅಕ್ಷರಪ್ರಿಯೆ:
ನೋಡಿದಿರಾ? ಹೆಸರು ಇಟ್ಟಿರದವರು ಕೊಳ್ಳುತ್ತಾರೆ ಅಂದೆ.

ಡಾಟ್‌ಕಾಮಣ್ಣ:
ಒಬ್ಬರು ಸಿಕ್ಕಿದರು. ಮಾರಾಟಕ್ಕೆ ಕಾದಿರುವ ಹೆಸರು ಲಕ್ಷಗಟ್ಟಲೆ ಮೇಡಂ.

ಹುಡುಕುಬುದ್ಧಿ:
ಖಾಲಿಜೇಬು ಅವರೇ, ಒಂದು ವಿಷಯ. ನೀವು ಹಾಕಿದ ಐದನ್ನೂ ಬ್ರೌಸರ್‌ನಲ್ಲಿ ಹೊಡೆದು ನೋಡಿದೆ. ನೆರಿವೊ ಮತ್ತು ಝೊರಿಕ್ವಾ ಮಾರ್ಕೆಟ್‌ಪ್ಲೇಸ್‌ನ ಪುಟಕ್ಕೆ ಹೋಗುತ್ತವೆ. ಬೆಲೆ, ಲೋಗೋ, ಕೊಳ್ಳುವ ಬಟನ್ ಎಲ್ಲ ಇದೆ. ಮೊಸ್‌ಲ್ಯಾಂಟರ್ನ್ ಹೊಡೆದರೆ ನಿಮ್ಮ ರಿಜಿಸ್ಟ್ರಾರ್‌ನ "ಶೀಘ್ರದಲ್ಲೇ ಬರಲಿದೆ" ಅನ್ನುವ ಪುಟ. ಉಳಿದೆರಡೂ ಹಾಗೇ. ವಾಪಸ್ ಬಂದ 45ಕ್ಕೂ ಇದೇ ಕಥೆಯಾ?

ಖಾಲಿಜೇಬು:
ಹೌದು. ಅವು ಒಪ್ಪಿಗೆ ಆಗಲಿಲ್ಲವಲ್ಲ, ಹಾಗೇ ಬಿಟ್ಟೆ.

ಹುಡುಕುಬುದ್ಧಿ:
ಅಂದರೆ 11 ತಿಂಗಳು 45 ಹೆಸರಿಗೆ ಮಾರಾಟಕ್ಕಿದೆ ಅನ್ನುವ ಬೋರ್ಡೇ ಇರಲಿಲ್ಲ. ಮೊದಲಾದರೆ ಹೂಈಸ್ ಅನ್ನುವ ನೋಂದಣಿ ಪಟ್ಟಿಯಲ್ಲಿ ಮಾಲೀಕರ ಇಮೇಲ್ ಕಾಣುತ್ತಿತ್ತು. 2018ರಲ್ಲಿ ಖಾಸಗಿ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ನಿಯಮ ಬಂದ ಮೇಲೆ ಆ ವಿವರ ಬಹುಪಾಲು ಮುಚ್ಚಿಹೋಯಿತು. ಈಗ ಕೊಳ್ಳಬೇಕು ಅನ್ನುವವನು ವಿಳಾಸ ಹೊಡೆದು ನೋಡುತ್ತಾನೆ. ಶೀಘ್ರದಲ್ಲೇ ಬರಲಿದೆ ಅಂತ ಇದ್ದರೆ ಯಾರೋ ಏನೋ ಕಟ್ಟುತ್ತಿದ್ದಾರೆ ಅಂದುಕೊಂಡು ಹೋಗುತ್ತಾನೆ.

ಲೆಕ್ಕದಪುಸ್ತಕ:
ಅಯ್ಯೋ. ನನ್ನ ಲೆಕ್ಕವೇ ಕೆಟ್ಟಿತು. ಕೇಳಿದವರು ಸೊನ್ನೆ ಅನ್ನುವುದಕ್ಕೆ ಬೆಲೆಯೇ ಇಲ್ಲ. ಬಾಗಿಲು ಹಾಕಿಕೊಂಡು ಯಾರೂ ಬರಲಿಲ್ಲ ಅಂದ ಹಾಗೆ.

ಖಾಲಿಜೇಬು:
ತಲೆ ಚಚ್ಚಿಕೊಳ್ಳುತ್ತಿದ್ದೇನೆ.

ಮೂರಕ್ಷರ:
ಚಚ್ಚಿಕೊಳ್ಳಬೇಡಿ. ಆ 45ನ್ನು ಎಲ್ಲರಿಗೂ ತೆರೆದಿರುವ ಮಾರ್ಕೆಟ್‌ಪ್ಲೇಸ್‌ಗೆ ಹಾಕಿ. ಆಫ್ಟರ್ನಿಕ್ ಇದೆ, ಸೆಡೊ ಇದೆ. ಆಫ್ಟರ್ನಿಕ್ 2013ರಿಂದ ಗೋಡ್ಯಾಡಿ ಅನ್ನುವ ರಿಜಿಸ್ಟ್ರಾರ್ ಕೈಯಲ್ಲಿದೆ. ಅಲ್ಲಿ ಬೆಲೆ ಹಾಕಿದರೆ ಬೇರೆ ಬೇರೆ ರಿಜಿಸ್ಟ್ರಾರ್‌ಗಳ ಹುಡುಕಾಟದಲ್ಲೂ ನಿಮ್ಮ ಹೆಸರು ಬೆಲೆಸಮೇತ ಕಾಣುತ್ತದೆ. ಹೊಸ ಹೆಸರು ನೋಂದಾಯಿಸಲು ಬಂದವನ ಕಣ್ಣಿಗೆ ಅಲ್ಲೇ ಬೀಳುವುದು ದೊಡ್ಡ ಅನುಕೂಲ.

ಆದರೆ ಒಪ್ಪಿಗೆ ಆದ 17ನ್ನು ಅಲ್ಲಿ ಹಾಕುವ ಮುಂಚೆ ಒಪ್ಪಂದ ಓದಿ. ಇನ್ನೆಲ್ಲೂ ಮಾರಕೂಡದು ಅನ್ನುವ ಷರತ್ತಿಗೆ ಒಪ್ಪಿರುತ್ತೀರಿ.

ಕೈಸುಟ್ಟವನು:
ಆ ಷರತ್ತಿನ ವಿಷಯದಲ್ಲಿ ನನಗಾದದ್ದು ಹೇಳುತ್ತೇನೆ. ಹೆಸರು ಒಂದು ಕಡೆ ಎಕ್ಸ್‌ಕ್ಲೂಸಿವ್ ಆಗಿತ್ತು, ಬೆಲೆ 2,700. ಇನ್ನೊಂದು ಕಡೆ ಹಳೆಯದೊಂದು ಲಿಸ್ಟಿಂಗ್ 900ಕ್ಕೆ ಹಾಕಿ ಮರೆತಿದ್ದೆ. ಒಂದು ದಿನ ಬೆಳಿಗ್ಗೆ ಎದ್ದರೆ 900ಕ್ಕೆ ಮಾರಿಹೋಗಿದೆ. ಆ ಲಿಸ್ಟಿಂಗ್ ಹಾಕುವಾಗ ತಕ್ಷಣ ವರ್ಗಾವಣೆಗೆ ಒಪ್ಪಿಗೆ ಕೊಟ್ಟಿದ್ದೆ, ಹಾಗಾಗಿ ಹೆಸರು ನನ್ನ ಅಕೌಂಟಿನಿಂದ ಆಗಲೇ ಹೋಗಿತ್ತು. ಎಕ್ಸ್‌ಕ್ಲೂಸಿವ್ ಇದ್ದ ಕಡೆಯವರು ನನ್ನ ಉಳಿದ ಹೆಸರುಗಳನ್ನೂ ಇಳಿಸಿದರು. ತಪ್ಪು ನನ್ನದೇ, ಯಾರ ಮೇಲೂ ಹಾಕುವುದಿಲ್ಲ. ಎಲ್ಲೆಲ್ಲಿ ಏನೇನು ಹಾಕಿದ್ದೀರಿ ಅಂತ ಒಂದು ಶೀಟ್ ಇಟ್ಟುಕೊಳ್ಳಿ.

ಅಂದ ಹಾಗೆ, ನನ್ನ ಅಡ್ಡಹೆಸರು ಬಂದದ್ದು ಅದರಿಂದಲ್ಲ, ಇನ್ನೊಂದರಿಂದ. ಮೊದಲ ವರ್ಷ ಒಂದು ಇಮೇಲ್ ಬಂತು. ನಿಮ್ಮ ಹೆಸರು ನಮ್ಮ ಕ್ಲೈಂಟ್‌ಗೆ ಬಹಳ ಹಿಡಿಸಿದೆ, 9,000 ಡಾಲರ್ ಕೊಡಲು ತಯಾರು, ಆದರೆ ಮೌಲ್ಯದ ಪ್ರಮಾಣಪತ್ರ ಬೇಕು ಅಂತ. ಎಲ್ಲಿ ಮಾಡಿಸಬೇಕು ಅಂತ ನಾನೇ ಕೇಳಿದೆ. ಅವರು ಬಹಳ ಮರ್ಯಾದೆಯಿಂದ ಒಂದು ಚರ್ಚೆಯ ಲಿಂಕ್ ಕೊಟ್ಟರು. ಅಲ್ಲಿ ನಾಲ್ಕು ಜನ ಒಂದೇ ಸೈಟನ್ನು ಹೊಗಳುತ್ತಿದ್ದರು. 95 ಡಾಲರ್ ಕಟ್ಟಿದೆ. ಪ್ರಮಾಣಪತ್ರ ಬಂತು, ನನ್ನ ಹೆಸರಿಗೆ 11,200 ಡಾಲರ್ ಬೆಲೆ ಅಂತ, ಕೆಳಗೆ ಚಿನ್ನದ ಬಣ್ಣದ ಮುದ್ರೆ. ಕ್ಲೈಂಟ್ ಅವತ್ತೇ ಮಾಯ. ಆ ನಾಲ್ಕು ಜನವೂ ಅವನೇ ಇರಬೇಕು.

ಸುಮ್ನೆಓದುಗ:
ಮುದ್ರೆ ಇನ್ನೂ ಇದೆಯಾ? 😀

ಕೈಸುಟ್ಟವನು:
ಫ್ರೇಮ್ ಹಾಕಿಸಿದ್ದೇನೆ. ನಿಜವಾಗಲೂ.

ಮೂರಕ್ಷರ:
ಇದು ಬಹಳ ಹಳೆಯ ಮೋಸ, ಇನ್ನೂ ನಡೆಯುತ್ತಿದೆ. ನಿಜವಾದ ಗಿರಾಕಿ ಮಾರುವವನ ಖರ್ಚಿನಲ್ಲಿ ಪ್ರಮಾಣಪತ್ರ ಕೇಳುವುದಿಲ್ಲ. ಹಾಗೇ, ದುಡ್ಡು ಮಾರ್ಕೆಟ್‌ಪ್ಲೇಸ್‌ನಲ್ಲೋ ಎಸ್ಕ್ರೋದಲ್ಲೋ (ವ್ಯವಹಾರ ಮುಗಿಯುವವರೆಗೆ ದುಡ್ಡು ಇಟ್ಟುಕೊಳ್ಳುವ ಮಧ್ಯಸ್ಥರು) ಬಂದು ಕೂತಿದೆ ಅಂತ ನೀವೇ ಲಾಗಿನ್ ಆಗಿ ನೋಡುವವರೆಗೂ ವರ್ಗಾವಣೆ ಕೋಡ್ ಯಾರಿಗೂ ಕೊಡಬೇಡಿ. ದುಡ್ಡು ಬಂದಿದೆ ಅಂತ ಬಂದ ಇಮೇಲ್ ನಂಬಬೇಡಿ.

ಲಾಯರಲ್ಲದವ:
ಹಳೇಗಿರಾಕಿ ಟ್ರೇಡ್‌ಮಾರ್ಕ್ ನೋಡಿದೆವು ಅಂದರು. ಮಾರುವವರೂ ನೋಂದಾಯಿಸುವ ಮುಂಚೆ ನೋಡಬೇಕು. ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಯುಡಿಆರ್‌ಪಿ ಅನ್ನುವ ವಿವಾದ ನಿಯಮ 1999ರಲ್ಲಿ ಬಂತು. ಅದರಲ್ಲಿ ನಿಮ್ಮಿಂದ ಹೆಸರು ಕಿತ್ತುಕೊಳ್ಳಬೇಕಾದರೆ ದೂರು ಕೊಟ್ಟವರು ಮೂರು ವಿಷಯ ತೋರಿಸಬೇಕು: ಹೆಸರು ಅವರ ಟ್ರೇಡ್‌ಮಾರ್ಕ್‌ಗೆ ಒಂದೇ ಥರ ಅಥವಾ ಗೊಂದಲ ಆಗುವಷ್ಟು ಹತ್ತಿರ ಇದೆ, ನಿಮಗೆ ಆ ಹೆಸರಿನಲ್ಲಿ ನ್ಯಾಯವಾದ ಹಕ್ಕೋ ಆಸಕ್ತಿಯೋ ಇಲ್ಲ, ನೀವು ಕೆಟ್ಟ ಉದ್ದೇಶದಿಂದ ನೋಂದಾಯಿಸಿ ಬಳಸಿದ್ದೀರಿ. ಮೂರೂ ಬೇಕು. ಇಂಥ ದೂರು ಕೇಳುವ ವೈಪೊದಲ್ಲಿ (ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ) ಐದು ಹೆಸರಿನವರೆಗೆ, ಒಬ್ಬ ಪಂಚ ಸಾಕು ಅಂದರೆ, ದೂರಿನ ಶುಲ್ಕ 1,500 ಡಾಲರ್. ದೊಡ್ಡ ಕಂಪನಿಗೆ ಅದು ಚಿಲ್ಲರೆ.

ಖಾಲಿಜೇಬು:
ಒಂದು ಅನುಮಾನ. ನಾನು ನೋಂದಾಯಿಸಿದ ಮೇಲೆ ಯಾರಾದರೂ ಅದೇ ಹೆಸರಲ್ಲಿ ಕಂಪನಿ ಮಾಡಿದರೆ?

ಲಾಯರಲ್ಲದವ:
ನೀವು ನೋಂದಾಯಿಸಿದ ದಿನ ಅವರ ಟ್ರೇಡ್‌ಮಾರ್ಕ್ ಹುಟ್ಟಿಯೇ ಇರಲಿಲ್ಲ ಅಂದರೆ ಅವರನ್ನು ಗುರಿಯಾಗಿಟ್ಟುಕೊಂಡು ನೋಂದಾಯಿಸಿದಿರಿ ಅನ್ನುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸುಳ್ಳು ದೂರು ಹಾಕಿ ಕಿತ್ತುಕೊಳ್ಳಲು ನೋಡಿದರೆ ಅದಕ್ಕೂ ಹೆಸರಿದೆ, ರಿವರ್ಸ್ ಹೈಜ್ಯಾಕಿಂಗ್ ಅಂತ. ಪಂಚರು ತೀರ್ಪಿನಲ್ಲೇ ಬರೆಯುತ್ತಾರೆ. ಆದರೆ ದಂಡ ಗಿಂಡ ಇಲ್ಲ.

ಕೋರ್ಟಿಗೆ ಹೋದರೆ ಕಥೆ ಬೇರೆ. ನಿಸ್ಸಾನ್ ಡಾಟ್ ಕಾಮ್ ಗೊತ್ತಲ್ಲ? ಉಜಿ ನಿಸ್ಸಾನ್ ಅನ್ನುವವರು ತಮ್ಮ ಸ್ವಂತ ಹೆಸರನ್ನು 1994ರಲ್ಲಿ ಕಂಪ್ಯೂಟರ್ ವ್ಯಾಪಾರಕ್ಕೆ ನೋಂದಾಯಿಸಿದರು. 1999ರಲ್ಲಿ ಕಾರು ಕಂಪನಿ ಕೇಸು ಹಾಕಿತು. ಹೆಸರು ಅವರ ಕೈಯಲ್ಲೇ ಉಳಿಯಿತು, ಆದರೆ ವರ್ಷಗಟ್ಟಲೆ ಕೋರ್ಟು ಅಲೆದರು. 2,000 ಡಾಲರ್ ಹೆಸರಿಗೆ ಅಷ್ಟು ತಾಳ್ಮೆ ನಮಗೆ ಯಾರಿಗಿದೆ?

ಬಳ್ಳಿಹೂ:
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಎಲ್ಲರೂ ಝೊ, ಕ್ವಿ ಅಂತ ಒದ್ದಾಡುವ ಬದಲು ಕನ್ನಡದ ಚಿಕ್ಕ ಪದಗಳನ್ನೇ ಯಾಕೆ ನೋಂದಾಯಿಸಬಾರದು? ನೆಲ, ಮುಗಿಲು, ಅಲೆ, ಹೂವು. ಎಷ್ಟು ಮುದ್ದಾಗಿವೆ.

ಅಕ್ಷರಪ್ರಿಯೆ:
ನಾನು ಮಾಡಿ ನೋಡಿದ್ದೇನೆ. ನಮ್ಮ ಕಿವಿಗೆ ಮುದ್ದು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕೂಡಲೇ ದೀರ್ಘ, ಒತ್ತಕ್ಷರ ಎಲ್ಲ ಕಳೆದುಹೋಗುತ್ತವೆ. ಹೂವು ಅಂತ ಬರೆದರೆ ಹುವು ಅಂತ ಓದುತ್ತಾರೆ. ಅಲೆ ಬರೆಯಿರಿ, ಎ ಎಲ್ ಇ. ಇಂಗ್ಲಿಷಿನವನು ಅದನ್ನು ಏಲ್ ಅಂತ ಓದುತ್ತಾನೆ, ಅವನಿಗೆ ಅದು ಒಂದು ಥರದ ಬಿಯರ್. ನೆಲ ಮಾತ್ರ ಪಾಸಾಗುತ್ತದೆ. ಅಂಥವು ನಾಲ್ಕಕ್ಷರದವು, ಯಾವತ್ತೋ ಹೋಗಿವೆ.

ಬಳ್ಳಿಹೂ:
ಏಲ್! ಅದು ಹೊಳೆದೇ ಇರಲಿಲ್ಲ. ಮುಗಿಲು?

ಮೂರಕ್ಷರ:
ಮುಗಿಲು ನಿಜಕ್ಕೂ ಚೆನ್ನಾಗಿದೆ. ಆದರೆ ಮಗ್ ಅಂತ ಶುರು ಮಾಡಿ ಓದುವವರೂ ಇರುತ್ತಾರೆ. ನಮ್ಮ ಭಾಷೆ ಬರದ ನಾಲ್ಕು ಜನರ ಹತ್ತಿರ ಓದಿಸಿ ನೋಡಿ.

ಹೊಸಬಿಂದು:
ಡಾಟ್ ಕಾಮ್ ಬಿಟ್ಟು ಡಾಟ್ ಎಐ ಹಿಡಿದರೆ ಹೇಗೆ? ಈಗ ಎಲ್ಲರಿಗೂ ಅದೇ ಬೇಕು.

ರಿನ್ಯೂವಲ್‌ಭೂತ:
ಬೇಡಿಕೆ ಇದೆ, ಸರಿ. ಆದರೆ ಅದು ಅಂಗ್ವಿಲ್ಲಾ ಅನ್ನುವ ಪುಟ್ಟ ದ್ವೀಪದ ದೇಶಸಂಕೇತ. ಕಡಿಮೆ ಅಂದರೆ ಎರಡು ವರ್ಷಕ್ಕೆ ನೋಂದಾಯಿಸಬೇಕು, ದುಡ್ಡು ಡಾಟ್ ಕಾಮ್‌ಗಿಂತ ಎಷ್ಟೋ ಪಾಲು ಜಾಸ್ತಿ. 11 ಡಾಲರ್‌ದನ್ನೇ ರಿನ್ಯೂ ಮಾಡಲೋ ಬೇಡವೋ ಅಂತ ಚರ್ಚೆ ಮಾಡುತ್ತಿರುವ ಜಾಗ ಇದು. ಮತ್ತೆ ದೇಶಸಂಕೇತ ದೇಶದ ಜೊತೆಗೇ ಹೋಗಬಹುದು. ಯುಗೊಸ್ಲಾವಿಯಾದ ಡಾಟ್ ವೈಯು 2010ರಲ್ಲಿ ಮುಚ್ಚಿತು.

ಹೊಸಬಿಂದು:
ಅಂಗ್ವಿಲ್ಲಾ ಎಲ್ಲಿಗೆ ಹೋಗುತ್ತದೆ ಸ್ವಾಮಿ, ಅಲ್ಲೇ ಇರುತ್ತದೆ.

ರಿನ್ಯೂವಲ್‌ಭೂತ:
ಯುಗೊಸ್ಲಾವಿಯಾ ಬಗ್ಗೆಯೂ ಹಾಗೇ ಅಂದುಕೊಂಡಿದ್ದರು.

ಖಾಲಿಜೇಬು:
ಎರಡು ದಿನ ಕೂತು ಡಾಟ್‌ಕಾಮಣ್ಣ ಹೇಳಿದ ಹಾಗೆ ಎಲ್ಲ 62ರ ಮುಂದೆಯೂ ಕೊಳ್ಳುವವನು ಯಾರು ಅಂತ ಬರೆದೆ. ತಂಗಿಯ ಹತ್ತಿರ ಉಳಿದ 57ರ ಫೋನ್ ಪರೀಕ್ಷೆಯೂ ಆಯಿತು. ಅವಳೀಗ ನನ್ನ ಫೋನ್ ಎತ್ತುತ್ತಿಲ್ಲ.

ಉಳಿಸಿಕೊಳ್ಳುವುದು 21. ಒಪ್ಪಿಗೆ ಆದ 17ರಲ್ಲಿ 12, ವಾಪಸ್ ಬಂದವುಗಳಲ್ಲಿ 9. ಆ 9ಕ್ಕೆ ನಿನ್ನೆಯೇ ತೆರೆದ ಮಾರ್ಕೆಟ್‌ಪ್ಲೇಸ್‌ನಲ್ಲಿ ಬೆಲೆ ಹಾಕಿ, ವಿಳಾಸ ಹೊಡೆದರೆ ಮಾರಾಟದ ಪುಟ ತೆರೆಯುವ ಹಾಗೆ ನೇಮ್‌ಸರ್ವರ್ ಬದಲಿಸಿದೆ. ಮೊಸ್‌ಲ್ಯಾಂಟರ್ನ್‌ಗೆ 1,450. ಉಳಿದ 41 ಕೈಬಿಡುತ್ತೇನೆ. ಝೊರಿಕ್ವಾ, ಕ್ವಿಝೊಯ್, ಮಾತ್ರೆ, ನೆರಿವೊ ಎಲ್ಲ ಅದರಲ್ಲಿವೆ. ನೆರಿವೊಗೆ ಕೊಳ್ಳುವವನು ಯಾರು ಅನ್ನುವ ಜಾಗದಲ್ಲಿ ಒಂದು ಗಂಟೆ ಯೋಚಿಸಿದರೂ ಏನೂ ಹೊಳೆಯಲಿಲ್ಲ.

ಡಾಟ್‌ಕಾಮಣ್ಣ:
ಶಹಬ್ಬಾಸ್. ನಾನು ನಿಮ್ಮ ಜಾಗದಲ್ಲಿದ್ದಾಗ ಇಷ್ಟು ಮಾಡಲು ಮೂರು ವರ್ಷ ಬೇಕಾಯಿತು.

ರಿನ್ಯೂವಲ್‌ಭೂತ:
ಬಿಡುವುದಾದರೂ ಲೆಕ್ಕ ತಿಳಿದು ಬಿಡಿ. ಮೊದಲು ಆಟೋ ರಿನ್ಯೂ ಆಫ್ ಮಾಡಿ, ಇಲ್ಲದಿದ್ದರೆ ಕಾರ್ಡಿನಿಂದ ದುಡ್ಡು ತಾನೇ ಕಡಿತವಾಗುತ್ತದೆ. ಅವಧಿ ಮುಗಿದ ತಕ್ಷಣ ಹೆಸರು ಹೋಗುವುದಿಲ್ಲ. 45 ದಿನದವರೆಗಿನ ಒಂದು ಅವಧಿ ಇದೆ. ಅದರಲ್ಲಿ ಎಷ್ಟು ದಿನ ಮಾಮೂಲಿ ದರಕ್ಕೆ ವಾಪಸ್ ಕೊಡುತ್ತಾರೆ ಅನ್ನುವುದು ರಿಜಿಸ್ಟ್ರಾರ್ ಮೇಲೆ ಹೋಗುತ್ತದೆ. ಕೆಲವರು ಆ ನಡುವೆಯೇ ಹರಾಜಿಗೆ ಹಾಕುತ್ತಾರೆ. ಆಮೇಲೆ 30 ದಿನ ರಿಡೆಂಪ್ಷನ್, ಅಂದರೆ ಬಿಡಿಸಿಕೊಳ್ಳುವ ಅವಧಿ, ಆಗ ಬೇಕು ಅಂದರೆ ದಂಡ ಜೋರು. ಕೊನೆಗೆ 5 ದಿನ ಅಳಿಸಲು ಕಾಯುವ ಹಂತ, ಆಗ ಯಾರೂ ಏನೂ ಮಾಡಲಾಗುವುದಿಲ್ಲ. ಅದು ಮುಗಿದ ಮೇಲೆ ಯಾರು ಮೊದಲು ಹಿಡಿದರೆ ಅವರದು.

ಲೆಕ್ಕದಪುಸ್ತಕ:
21ಕ್ಕೆ 231 ಡಾಲರ್. 451 ಉಳಿಯಿತು. ಆ ದುಡ್ಡಲ್ಲಿ ಹೊಸ ಹೆಸರು ಕೊಳ್ಳಬೇಡಿ.

ಖಾಲಿಜೇಬು:
ಇಲ್ಲ ಇಲ್ಲ. ಈ ವರ್ಷ ಒಂದೂ ಇಲ್ಲ.

ಹೆಸರುಬೇಡ:
ಹೊಸ ಸದಸ್ಯ. ನೆರಿವೊ ಅವಧಿ ಮುಗಿಯುವುದು ಯಾವ ತಾರೀಖು?

ಖಾಲಿಜೇಬು:
ಯಾಕೆ ಕೇಳುತ್ತಿದ್ದೀರಿ?

ಹೆಸರುಬೇಡ:
ಸುಮ್ನೆ.

ಮೂರಕ್ಷರ:
ಖಾಲಿಜೇಬು, ಬೇಡ. ಆ ಬಟನ್ ಮುಟ್ಟಬೇಡಿ.

ಡಾಟ್‌ಕಾಮಣ್ಣ:
ಹಳೇಗಿರಾಕಿ, ಅದು ನೀವಲ್ಲ ತಾನೆ?

ಹಳೇಗಿರಾಕಿ:
ನಾನಲ್ಲಪ್ಪ. ನಮಗೆ ಹೆಸರಿದೆ.

ಖಾಲಿಜೇಬು:
ರಿನ್ಯೂ ಮಾಡಿಬಿಟ್ಟೆ. ಎರಡು ವರ್ಷಕ್ಕೆ.